ಮೂರು ಪೆಟ್ಟಿನ ಲಗಮಪ್ಪ

ಬಾಳ ಹಿಂದಿನ ಮಾತು. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ, ನಮ್ಮಜ್ಜಗೂ ಗೊತ್ತಿರಲಿಲ್ಲ, ಅವರಜ್ಜಗೂ ಗೊತ್ತಿರಲಿಲ್ಲ. ಹೊಳಿಗೆ ಇನ್ನೂ ಯಾರೂ ಒಡ್ಡು ಹಾಕಿರಲಿಲ್ಲ. ಮಳಿ ಬಂದ್ರ ತನ್ನ ಪಾಡಿಗೆ ತಾನು ತುಂಬತಿತ್ತು, ಚಳಿ ಬಿದ್ರ ತನ್ನ ಪಾಡಿಗೆ ತಾನು ಇಳೀತಿತ್ತು. ಅಂಥಾ ಕಾಲದಾಗ ಆ ಹೊಳಿ ದಂಡಿಗೆ ಮಳಲಹಾಳ ಅಂತ ಒಂದೂರು. ಎದುರು ದಂಡಿಗೆ ಹೊನ್ನಕಟ್ಟಿ ಅಂತ ಇನ್ನೊಂದೂರು. ಎರಡೂ ಊರಿನ ನಡುವ ಹೆಣ್ಣು ಕೊಟ್ಟು ತರೂ ಬೀಗತನ ಇತ್ತು. ಬೀಗತನ ಇದ್ದಲ್ಲಿ ಜಗಳ ಇರೂದಿಲ್ಲೇನು? ಜಗಳಾನೂ ಇತ್ತು.

ಜಗಳ ಯಾತಕ್ಕ ಅಂದ್ರ ಉಸುಕಿಗೆ. ನಗಬ್ಯಾಡ್ರಿ. ನೀರು ಇಳಿದ ಮ್ಯಾಲ ಹೊಳಿ ನಟ್ಟನಡುವ ಒಂದು ಉಸುಕಿನ ದಿಬ್ಬ ಏಳತಿತ್ತು. ಅದರಾಗ ಮೊಣಕಾಲುದ್ದ ಗುಣಿ ತೋಡಿ, ಹಸಿ ಹತ್ತಿದ ಕೂಡಲೆ ಹಿಡಿ ಗೊಬ್ಬರ ಹಾಕಿ, ಕಲ್ಲಂಗಡಿ ಬೀಜ, ಸೌತಿ ಬೀಜ ಊರಿದ್ರ ಬ್ಯಾಸಗಿ ಮುಗಿಯೂತನಕ ಹಣ್ಣು. ಹೊಲ ಇದ್ದವರಿಗೆ ಅದು ಬಾಯಿಚಪಲ. ಹೊಲ ಇಲ್ಲದ ಅರವತ್ತು ಮನಿಗೆ ಅದ ಅನ್ನ. ದಿಬ್ಬ ಒಂದು, ಊರು ಎರಡು. ಬಡಿಗಿ ಹಿಡದು ಬಡದಾಡಿ ಸಾಯೂದಕ್ಕಿಂತ ಆಡಿ ಗೆಲ್ಲಲಿ ಅಂತ ಹಿರ್ಯಾರು ಒಂದು ಆಟ ಹೂಡಿದ್ರಂತ.

ಆಟ ಹೆಂಗ ಅಂದ್ರ, ತೊಗಲಿನ ಚೀಲಕ್ಕ ಹತ್ತಿಕಾಳು ತುಂಬಿ, ಕುಂಬಳಕಾಯಿ ಆಕಾರಕ್ಕ ಹೊಲಿದು, ಮ್ಯಾಲ ಎಣ್ಣಿ ಸವರತಿದ್ರು. ಅದರ ಹೆಸರೂ ಕುಂಬಳಾನ. ಎಳ್ಳ ಅಮಾಸಿ ಮರುದಿನ ಈ ಊರಿನ ಹನ್ನೊಂದು ಮಂದಿ, ಆ ಊರಿನ ಹನ್ನೊಂದು ಮಂದಿ ಉಸುಕಿಗೆ ಇಳೀತಿದ್ರು. ಕುಂಬಳ ಎದಿಗೆ ಅವಚಿಕೊಂಡು ಓಡಿ, ಎದುರಿನವರ ದಂಡಿ ಮುಟ್ಟಿ, ಅಲ್ಲಿ ನೆಲಕ್ಕ ಊರಬೇಕು. ಅವರು ಬಿಡತಾರೇನು? ಹಿಡೀತಾರ, ಕೆಡವತಾರ, ಮ್ಯಾಲ ಬೀಳತಾರ. ಗುದ್ದಂಗಿಲ್ಲ, ಒದಿಯಂಗಿಲ್ಲ, ಅಷ್ಟ. ಯಾರು ಮೊದಲ ಮೂರು ಸಲ ಊರತಾರೋ ಆ ವರ್ಷದ ದಿಬ್ಬ ಅವರದು.

ಇನ್ನೊಂದು ಕಟ್ಟಳಿ ಇತ್ತು. ಇದನ್ನ ಲಕ್ಷ್ಯ ಕೊಟ್ಟು ಕೇಳ್ರಿ, ಕತಿ ಎಲ್ಲಾ ಇದರ ಮ್ಯಾಲ ನಿಂತೈತಿ. ಯಾರಾರ ಬಿದ್ದು ಏಳದಿದ್ರ ಹಲಗಿ ದುರಗಪ್ಪ ಮೂರು ಪೆಟ್ಟು ಬಾರಸತಿದ್ದ. ಎರಡೂ ಊರಿಗೆ ಹಲಗಿ ಬಾರಸೂ ಮನಿತನ ಅವರದು, ಹಿಂಗಾಗಿ ಅಂವ ಯಾರ ಕಡೆಯವನೂ ಅಲ್ಲ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವ ಹತ್ತು ಉಸಿರು. ಮೂರನೇ ಪೆಟ್ಟು ಬೀಳೂದರಾಗ ಬಿದ್ದಾಂವ ಎದ್ದು ನಿಂತ್ರ ಆಟ ಮುಂದ. ನಿಲ್ಲದಿದ್ರ ಭೂಮಿತಾಯಿ ಅವನ್ನ ಹಿಡಕೊಂಡಾಳ ಅಂತ ಅರ್ಥ, ಆಟ ಅಲ್ಲಿಗೆ ಮುಗೀತು, ಅವನ ಊರು ಸೋತಂಗ. ಒಬ್ಬಾಂವ ಮಲಗಿದ್ರ ಅರವತ್ತು ಮನಿ ಒಲಿ ಮಲಗತಿದ್ದುವು. ಅದಕ್ಕ ಯಾರೂ ಮಲಗತಿರಲಿಲ್ಲ. ಎಂಥಾ ಪೆಟ್ಟು ಬಿದ್ರೂ ಏಳತಿದ್ರು.

ಆ ಮಳಲಹಾಳದಾಗ ಲಗಮಪ್ಪ ಅಂತ ಒಬ್ಬ ಇದ್ದ.

ಹೊಲ ಇಲ್ಲ, ಗುಡಿಸಲ ಬಿಟ್ರ ಮನಿ ಇಲ್ಲ, ಮೈ ಮಾತ್ರ ಇತ್ತು. ಮೀಸಿ ಚಿಗುರೂ ವಯಸ್ಸಿನಾಗ ಒಂದು ದಿನ ಹೊಳಿ ಕೆಸರಾಗ ಹೂತ ಚಕ್ಕಡಿಯನ್ನ ಎತ್ತು ಬಿಚ್ಚಿ ತಾನ ನೊಗಕ್ಕ ಹೆಗಲು ಕೊಟ್ಟು ಎಳದನಂತ. ಊರ ದೇಸಾಯಿ ಅದನ್ನ ನೋಡಿದ. ಮರುದಿನ ಲಗಮಪ್ಪನ ಅಂಗಳದಾಗ ಒಂದು ಕರಿ ಎಮ್ಮಿ ತಂದು ಕಟ್ಟಿಸಿದ. ಹಾಲು ಇದರದು, ತುಪ್ಪ ವಾಡೇದಿಂದ, ತಿನ್ನಾಕ ಬದಾಮು ಪ್ಯಾಟಿಯಿಂದ ಅಂದ. ಕುಂಬಳ ಹೊರೂದಷ್ಟ ನಿನ್ನ ಕೆಲಸ, ಬ್ಯಾರೆ ಯಾವ ಕೆಲಸಕ್ಕೂ ಕೈ ಹಚ್ಚಬ್ಯಾಡ ಅಂತ ತಾಕೀತು ಮಾಡಿದ. ಹಿಂಗ ಲಗಮಪ್ಪ ಆಟದ ಮ್ಯಾಲ ಉಣ್ಣಾಂವ ಆದ. ಕೂಡಿ ಬೆಳದವರು ನೇಗಲಾ ಹಿಡಿಯೂದು ಕಲತ್ರು, ಕಣದಾಗ ಮೇಟಿ ಸುತ್ತ ಎತ್ತು ತಿರುಗಸೂದು ಕಲತ್ರು, ಕುರಿ ಉಣ್ಣಿ ಕತ್ತರಸೂದು ಕಲತ್ರು. ಅಂವ ಓಡೂದು ಕಲತ, ಬೀಳೂದು ಕಲತ, ಏಳೂದು ಕಲತ.

ಮುಂದ ಹನ್ನೆರಡು ವರ್ಷ ದಿಬ್ಬ ಮಳಲಹಾಳ ಬಿಟ್ಟು ಅಲ್ಲಾಡಲಿಲ್ಲ ಅಂತಾರ. ಏಳು ಮಂದಿ ಮೈಮ್ಯಾಲ ಜೋತುಬಿದ್ರೂ ಓಡತಿದ್ದನಂತ. ಹೊನ್ನಕಟ್ಟಿಯವರನ್ನ ಕೇಳಿದ್ರ ಮೂರು ಮಂದಿ ಅಂತಾರ. ನಾವು ಐದು ಅಂತ ಹಿಡಿಯೂಣು, ನ್ಯಾಯ ಆಗತೈತಿ. ಅಂವ ಕಾಲೂರಿದಲ್ಲಿ ಉಸುಕು ಹೊಂಡ ಬಿದ್ದು ಒಸರು ನೀರು ಬರತಿತ್ತಂತ, ದನ ಆ ನೀರು ಕುಡೀತಿದ್ದುವಂತ. ಆದ್ರ ಅವನ ಹೆಸರು ಹರಡಿದ್ದು ಓಡಿದ್ದಕ್ಕಲ್ಲ, ಎದ್ದದ್ದಕ್ಕ. ಎಂಥಾ ಪೆಟ್ಟು ಬೀಳಲಿ, ಮೊದಲನೇ ಪೆಟ್ಟಿಗೆ ಕಣ್ಣು ತೆರೀತಿದ್ದ, ಎರಡನೇದಕ್ಕ ಮೊಣಕಾಲೂರತಿದ್ದ, ಮೂರನೇದು ಬೀಳೂದರಾಗ ನಿಂತಿರತಿದ್ದ. ಮಂದಿ ಅವಗ ಮೂರು ಪೆಟ್ಟಿನ ಲಗಮಪ್ಪ ಅಂತ ಹೆಸರಿಟ್ರು. ಹೆಣ್ಮಕ್ಕಳು ಬೀಸೂ ಕಲ್ಲಿನ ಮುಂದ ಅವನ ಮ್ಯಾಲ ಹಾಡು ಕಟ್ಟಿದ್ರು.

ಅವನ ಹೆಂಡತಿ ಕೆಂಚವ್ವ. ಆಕಿ ತವರುಮನಿ ಬ್ಯಾರೆ ಎಲ್ಲೂ ಅಲ್ಲ, ಹೊನ್ನಕಟ್ಟಿ! ಎದುರು ಪಂಗಡದಾಗ ಆಕಿ ಇಬ್ರು ಅಣ್ಣಂದಿರು. ಆಟದ ದಿನ ದಂಡಿ ಮ್ಯಾಲ ಕುಂತ ಆಕಿಗೆ ತವರು ಸೋಲಲಿ ಅನ್ನಬೇಕೋ ಗಂಡ ಬೀಳಲಿ ಅನ್ನಬೇಕೋ ತಿಳೀತಿರಲಿಲ್ಲ. ಮಂದಿ ಚ್ಯಾಷ್ಟಿ ಮಾಡತಿದ್ರು. ಆಕಿ ಕಣ್ಣು ಆಟದ ಮ್ಯಾಲ ಇರತಿರಲಿಲ್ಲ, ಗಂಡನ ತಲಿ ಮ್ಯಾಲ ಇರತಿತ್ತು ಅಂತ ಹೇಳತಾರ.

ಒಂಬತ್ತನೇ ವರ್ಷ ಒಂದು ಸಂಗತಿ ನಡೀತು. ಲಗಮಪ್ಪ ಓಡಿ ಬರೂವಾಗ ಎದುರಿನವನ ಮೊಣಕಾಲು ಅವನ ಕಪಾಳದ ಮ್ಯಾಲ ಬಡೀತು. ಬಿದ್ದ. ದುರಗಪ್ಪ ಬಾರಸಿದ. ಮೂರನೇ ಪೆಟ್ಟಿಗೆ ಎದ್ದ. ಊರು ಕೇಕಿ ಹಾಕಿತು. ಎದ್ದಾಂವ ಕುಂಬಳ ಎತ್ತಿಕೊಂಡು ಓಡಾಕ ಹತ್ತಿದ, ಆದ್ರ ಹೊನ್ನಕಟ್ಟಿ ಕಡೆಗಲ್ಲ, ಮಳಲಹಾಳದ ಕಡೆಗೆ. ತನ್ನ ದಂಡಿ ತಾನ ಏರಿ, ಓಣಿ ಹಿಡದು, ಮನಿಗೆ ಹೋಗಿ, ಕುಂಬಳ ಒಲಿ ಮುಂದ ಇಟ್ಟು ಕುಂತ. ಹಿಂದ ಓಡಿಬಂದ ಕೆಂಚವ್ವಗ, ಹಸಿವ್ಯಾಗೇತಿ, ಮುಂಜಾನಿಯಿಂದ ಏನೂ ಉಂಡಿಲ್ಲ, ನೀಡು ಅಂದ.

ಊರಿಗೆ ಊರ ನಕ್ಕಿತು. ಹೊನ್ನಕಟ್ಟಿಯವರೂ ಹೊಟ್ಟಿ ಹಿಡಕೊಂಡು ನಕ್ರು. ಲಗಮಪ್ಪಗ ಹಸಿವಿ ಆದ್ರ ದಿಬ್ಬಾನೂ ಬ್ಯಾಡ, ದೇಸಾಯೀನೂ ಬ್ಯಾಡ ಅಂತ ಹಾಡಿನಾಗ ಒಂದು ಸಾಲು ಕೂಡಿಸಿದ್ರು. ಅಂವ ಮೋತಿ ತೊಳಕೊಂಡು ತಿರುಗಿ ಬಂದು ಆಡಿದ, ಗೆದ್ದ. ಅದು ಇನ್ನೊಂದು ಪವಾಡ ಆತು. ಕೆಂಚವ್ವ ಒಬ್ಬಾಕಿ ನಗಲಿಲ್ಲ. ಆವತ್ತು ಮುಂಜಾನಿ ನಾಕು ಸಜ್ಜಿ ರೊಟ್ಟಿ, ಪುಂಡಿಪಲ್ಯ, ಗಿಂಡಿ ತುಂಬ ಮಜ್ಜಿಗಿ ಆಕೀನ ಕೈಯಾರೆ ನೀಡಿದ್ಲು. ಉಂಡಾಂವ ಉಂಡಿಲ್ಲ ಅಂದ್ರ ಆ ಊಟ ಎಲ್ಲಿ ಹೋತು ಅನ್ನೂ ವಿಚಾರ ಆಕಿನ್ನ ಬಿಡಲಿಲ್ಲ. ಆವತ್ತಿನಿಂದ ದಿನಾ ಸಂಜಿಕ ಆಕಿ ಗಂಡನ್ನ ಒಂದು ಮಾತು ಕೇಳಾಕ ಶುರು ಮಾಡಿದ್ಲು. ಮುಂಜಾನಿ ಏನು ಉಂಡ್ರಿ ಅಂತ. ಒಂದೊಂದು ದಿನ ಸರಿ ಹೇಳತಿದ್ದ. ಒಂದೊಂದು ದಿನ ಗ್ವಾಡಿ ನೋಡತಿದ್ದ.

ಹನ್ನೆರಡನೇ ವರ್ಷ ಅವನ ಬಲಗಾಲ ಮ್ಯಾಲ ಮಂದಿ ರಾಶಿ ಬಿತ್ತು. ಮೊಣಕಾಲು ಮುರದ ಸಪ್ಪಳ ದಂಡಿ ಮ್ಯಾಲ ಕುಂತವರಿಗೆ ಕೇಳಿತಂತ. ಅವತ್ತೂ ಎದ್ದ. ಒಂಟಿ ಕಾಲ ಮ್ಯಾಲ, ಮೂರನೇ ಪೆಟ್ಟಿಗೆ. ದೇಸಾಯಿ ಕುದರಿ ಇಳಿದು ಬಂದು ತನ್ನ ಕೈಯಾನ ಬೆಳ್ಳಿ ಕಡಗ ಅವನ ಕೈಗೆ ಹಾಕಿದ. ಮಂದಿ ಹೆಗಲ ಮ್ಯಾಲ ಹೊತ್ತು ಮೆರಸಿದ್ರು. ಎಂಟು ದಿನ ಕಳದ ಮ್ಯಾಲ ವಾಡೇದ ಆಳು ಬಂದು ಅಂಗಳದಾಗಿನ ಎಮ್ಮಿ ಹಗ್ಗ ಬಿಚ್ಚಿಕೊಂಡು ಹೋದ. ಸಿದರಾಯ ಅಂತ ಒಬ್ಬ ಗಟ್ಟಿ ಹುಡುಗ ಇದ್ದ, ಅವನ ಅಂಗಳದಾಗ ಕಟ್ಟಿದ. ಎರಡೂ ಅಂಗಳದ ನಡುವ ನಾಕ ಮನಿ. ಎಮ್ಮಿ ಕರುಳಿನ ಪ್ರಾಣಿ ನೋಡ್ರಿ, ಮೇಯಿಸಿ ತಿರುಗಿ ತರೂವಾಗ ದಿನಾ ಹಳೇ ಅಂಗಳಕ್ಕ ಬಂದು ನಿಲ್ಲತಿತ್ತು. ಸಿದರಾಯ ಬಂದು ಹೊಡಕೊಂಡು ಹೋಗತಿದ್ದ. ಆ ಹೊತ್ತಿಗೆ ಲಗಮಪ್ಪ ಬಾಗಲಾ ಮುಚ್ಚಿಕೊಂಡು ಒಳಗ ಕುಂದರತಿದ್ದ. ಅವಗ ಆ ಹುಡುಗನ ಮ್ಯಾಲ ಸಿಟ್ಟಿತ್ತು. ತಪ್ಪಂತ ಗೊತ್ತಿತ್ತು, ಸಿಟ್ಟೂ ಇತ್ತು.

ಇನ್ನ ಬಾಳೇವು ಮಾಡಬೇಕಲ್ಲ. ನೇಗಲಾ ಹಿಡದ, ಸಾಲು ಸೊಟ್ಟ ಆತು. ಮೊದಲ ಬರದ ಕೆಲಸ, ಮ್ಯಾಲ ಕುಂಟಗಾಲು. ದೇಸಾಯಿ ಕನಿಕರ ಪಟ್ಟು ವಾಡೇದ ಬಾಗಲ ಕಾಯಾಕ ಇಟಗೊಂಡ. ಕಾಯೂದು ಹೆಸರಿಗೆ ಮಾತ್ರ. ಬೀಗರು ಬಿಜ್ಜರು ಬಂದಾಗೆಲ್ಲ ಅವನ್ನ ಕರದು ನಿಲ್ಲಿಸಿ, ಇಂವ ನೋಡ್ರಿ ಆ ಲಗಮಪ್ಪ ಅಂತ ತೋರಸೂದು. ಅವರು ಎತ್ತಿನ ಹೆಗಲು ಮುಟ್ಟಿ ನೋಡಿದಂಗ ಅವನ ತೋಳು ಹಿಚುಕಿ ನೋಡೂದು. ಒಂದು ಸಲ ಯಾರೋ ದೊಡ್ಡವರು ಬಂದು, ಆ ಕುಂಬಳ ಮನಿಗೆ ಒಯ್ದಿದ್ದು ಹೇಳು ಅಂದ್ರು. ಲಗಮಪ್ಪಗ ಅದು ನೆನಪಿಗೆ ಬರಲಿಲ್ಲ. ಎಲ್ಲಾರೂ ಹೇಳಿದ್ದು ಕೇಳಿದ್ದ, ತಾನು ಮಾಡಿದ್ದು ಮಾತ್ರ ನೆನಪಿಲ್ಲ. ಕಡೀಕ ದೇಸಾಯಿ ತಾನ ಹೇಳಿದ, ಎಲ್ಲಾರೂ ನಕ್ರು. ಲಗಮಪ್ಪ ಬಡಿಗಿ ಗ್ವಾಡಿಗೆ ಆನಿಸಿಟ್ಟು ಮನಿಗೆ ಬಂದ, ಮತ್ತ ವಾಡೇದ ಕಡೆ ಹೋಗಲಿಲ್ಲ.

ಆ ದಿನಗಳು ಬಾಳ ಕೆಟ್ಟ ದಿನ. ಬಿಸಲು ಕಂಡ್ರ ತಲಿ ಸಿಡೀತಿತ್ತು. ಓಣ್ಯಾಗ ಯಾರದಾರ ಕೂಸು ಅತ್ರ ಮೈ ಉರೀತಿತ್ತು. ಹುಟ್ಟಿ ಬೆಳದ ಓಣ್ಯಾಗ ದಾರಿ ತಪ್ಪಿ ಯಾರದೋ ಹಿತ್ತಲದಾಗ ನಿಂತಿರತಿದ್ದ. ತಲಿಯೊಳಗ ಹಲಗಿ ಬಾರಸತೈತಿ, ಮೂರು ಪೆಟ್ಟಿಗೆ ನಿಲ್ಲೂದಿಲ್ಲ ಅಂತ ಹೆಂಡತಿಗೆ ಹೇಳತಿದ್ದ. ಒಂದು ದಿನ ಸಂಜಿಕ ಆಕಿ ಎಂದಿನಂಗ ಮುಂಜಾನಿ ಏನು ಉಂಡ್ರಿ ಅಂದಾಗ ಎದುರಿದ್ದ ಗಡಿಗಿ ಎತ್ತಿ ಒಗದ. ಆಕಿ ಕಿವಿ ಸವರಿಕೊಂಡು ಹೋಗಿ ಗ್ವಾಡಿಗೆ ಬಡದು ಒಡೀತು. ಹೊಳಿಗೆ ಹೋಗಿ ಮಂಡಿಮಟ ನೀರಾಗ ನಿಂತು ಅತ್ತ. ಅಷ್ಟು ದೊಡ್ಡ ಮನಷಾ ಅಳೂದನ್ನ ಆ ಊರು ಅವತ್ತ ನೋಡಿತು. ಕೆಂಚವ್ವ ಚೂರು ಆರಿಸಿ ಹೊರಗ ಒಗದು, ಹೊಳಿಗೆ ಹೋಗಿ, ಇದು ನೀವು ಮಾಡಿದ್ದಲ್ಲ, ಆ ಹಲಗಿ ಮಾಡಿದ್ದು, ನಡೀರಿ ಮನಿಗೆ ಅಂದು ಕರಕೊಂಡು ಬಂದ್ಲು.

ಮರುದಿನ ಆಕಿ ಅವನ ಅಂಗೈಯಾಗ ನಾಕು ಕಲ್ಲಂಗಡಿ ಬೀಜ ಇಟ್ಲು. ಇದಕ್ಕ ಅವಸರ ಇಲ್ಲ, ನಿಮಗೂ ಅವಸರ ಬ್ಯಾಡ ಅಂದ್ಲು. ತಮ್ಮ ಪಾಲಿನ ಉಸುಕಿಗೆ ಕರಕೊಂಡು ಹೋಗಿ, ದಾರಿ ತಪ್ಪಬಾರದಂತ ಹಳೇ ಕೆಂಪು ಕುಬಸದ ಅರಿವಿ ಒಂದು ಕೋಲಿಗೆ ಕಟ್ಟಿ ಹುಗದ್ಲು. ತಲಿ ಮ್ಯಾಲ ಕಂಬಳಿ ಹೊದ್ದು, ಕುಂತಲ್ಲೇ ಕುಂತು, ಕುಂಟಗಾಲು ಚಾಚಿ, ಅಂವ ಗುಣಿ ತೋಡಾಕ ಹತ್ತಿದ. ಮೊದಲನೇ ವರ್ಷ ಬಳ್ಳಿ ಒಣಗಿದುವು. ಎರಡನೇ ವರ್ಷ ನರಿ ತಿಂದುವು. ಮೂರನೇ ವರ್ಷ ಹಣ್ಣು ಬಂದುವು ನೋಡ್ರಿ, ಎರಡು ಕೈ ಹಚ್ಚದ ಹೊರತು ಎತ್ತಾಕ ಬರತಿರಲಿಲ್ಲ. ಬೆರಳಿಲೆ ಬಾರಿಸಿ, ಕಿವಿ ಹಚ್ಚಿ, ಇದು ಇವತ್ತಿಂದು, ಇದು ನಾಳಿಂದು ಅಂತ ಹೇಳತಿದ್ದ. ತಪ್ಪತಿರಲಿಲ್ಲ. ಉಂಡದ್ದು ಮರೀತಿದ್ದ, ಹಣ್ಣಿನ ದನಿ ಮರೀತಿರಲಿಲ್ಲ. ಏಳೂದು ಬಿಟ್ರ ಜಗತ್ತಿನಾಗ ತನಗ ಬರೂ ಇನ್ನೊಂದು ಕೆಲಸ ಸಿಕ್ಕಿತು ಅಂತ ಅವಗ ಬಾಳ ಸುಖ ಆತು. ತಲಿಯೊಳಗಿನ ಹಲಗೀನೂ ಸೊಲ್ಪ ಸುಮ್ಮನಾತು ಅಂತಾರ.

ಆದ್ರ ಆ ಉಸುಕು ವರ್ಷಾ ವರ್ಷಾ ಆಡಿ ಗೆಲ್ಲೂ ಉಸುಕು. ಗೆಲ್ಲಾಂವ ಯಾರು? ಸಿದರಾಯ. ತನ್ನ ಎಮ್ಮಿ ಹಾಲು ಕುಡದವನ ಎದಿ ಮ್ಯಾಲ ತನ್ನ ಅನ್ನ ನಿಂತಿತ್ತು. ಲಗಮಪ್ಪಗ ಇದು ನುಂಗಲಾರದ ತುತ್ತು. ಆರು ವರ್ಷ ಆಟ ನೋಡಾಕ ಹೋಗಲೇ ಇಲ್ಲ. ಊರಿಗೆ ಅದು ಗೊತ್ತಿತ್ತು, ಹೊಟ್ಟಿಕಿಚ್ಚು ಅಂತ ಆಡಿಕೊಳ್ಳತಿತ್ತು. ಸುಳ್ಳೇನಲ್ಲ.

ಏಳನೇ ವರ್ಷ ಕೆಂಚವ್ವ, ಬರ್ರಿ ಒಮ್ಮಿ, ಉಸುಕು ನಮ್ಮದಲ್ಲೇನು ಅಂತ ಕರಕೊಂಡು ಹೋದ್ಲು. ಅವತ್ತು ಎರಡೂ ಕಡೆ ಎರಡೆರಡು ಸಲ ಊರಿದ್ರು. ಇನ್ನೊಂದು ಊರಿದವರಿಗೆ ದಿಬ್ಬ. ಸಿದರಾಯ ಕುಂಬಳ ಅವಚಿಕೊಂಡು ತಲಿ ತಗ್ಗಿಸಿ ಓಡಿಬಂದ. ಎದುರಿನವನೂ ತಲಿ ತಗ್ಗಿಸಿ ಬಂದ. ಎರಡು ತಲಿ ಡಿಕ್ಕಿ ಹೊಡದ ಸಪ್ಪಳಕ್ಕ ದಂಡಿ ಮ್ಯಾಲಿನ ಕಾಗಿ ಹಾರಿದುವಂತ. ಎದುರಿನಾಂವ ತಲಿ ಹಿಡಕೊಂಡು ಎದ್ದ. ಸಿದರಾಯ ಏಳಲಿಲ್ಲ.

ದುರಗಪ್ಪ ಮೊದಲನೇ ಪೆಟ್ಟು ಹೊಡದ. ಸಿದರಾಯ ಕಣ್ಣು ತೆರದ. ಅರವತ್ತು ಮನಿ ಮಂದಿ ಏಳೋ ಏಳೋ ಅಂತ ಒದರಿದ್ರು. ಹುಡುಗ ಗಟ್ಟಿ, ಅಂಗೈ ಊರಿದ, ಮೊಣಕಾಲೂರಿದ. ಮ್ಯಾಲ ನೋಡಿದ್ರ ಏಳಾಂವ ಇದ್ದ, ಊರು ಉಳಿಯೂದಿತ್ತು. ಆದ್ರ ಲಗಮಪ್ಪ ಒಬ್ಬಾಂವ ಇನ್ನೊಂದು ಕಂಡ. ಹುಡುಗನ ಮೋತಿ ಹೊನ್ನಕಟ್ಟಿ ಕಡೆ ಇರಲಿಲ್ಲ, ಮಳಲಹಾಳದ ಕಡೆ ಇತ್ತು. ಕಣ್ಣು ತೆರದಿದ್ದುವು, ಒಳಗ ಯಾರೂ ಇರಲಿಲ್ಲ.

ಕುಂಟಗಾಲು ಹೆಂಗ ಓಡಿತು ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ. ಎರಡನೇ ಪೆಟ್ಟು ಬೀಳೂದರಾಗ ಲಗಮಪ್ಪ ಉಸುಕಿನಾಗ ಇದ್ದ. ಸಿದರಾಯನ ಎದುರು ಮೊಣಕಾಲೂರಿ, ಅವನ ಗದ್ದ ಹಿಡದು, ಕೇಳಿದ.

"ಮುಂಜಾನಿ ಏನ್ ಉಂಡಿ?"

"ಇನ್ನೂ ಉಂಡಿಲ್ಲ ಕಾಕಾ," ಅಂದ ಸಿದರಾಯ. "ಮನಿಗೆ ಹೊಂಟೇನಿ. ಅವ್ವ ದಾರಿ ನೋಡತಿರತಾಳ."

ಅವನ ಅವ್ವ ಬಾಳವ್ವ ಹತ್ತು ಮಾರಿನ ಮ್ಯಾಲ ದಂಡಿಗೆ ನಿಂತಿದ್ಲು. ಮುಂಜಾನಿ ಮೂರು ರೊಟ್ಟಿ ಆಕೀನ ನೀಡಿದ್ಲು.

ಲಗಮಪ್ಪಗ ಅಲ್ಲಿ ಹತ್ತು ಉಸಿರಿನ ಹೊತ್ತು ಇತ್ತು, ಅಷ್ಟ. ಹುಡುಗನ್ನ ಏಳಾಕ ಬಿಟ್ರ ದಿಬ್ಬ ಉಳೀತೈತಿ, ಗುಣಿ ಉಳೀತಾವ, ಆ ಕೆಂಪು ಅರಿವಿ ಕೋಲು ಉಳೀತೈತಿ. ಬಿಡದಿದ್ರ ಎಲ್ಲಾ ಹೋತು, ಮ್ಯಾಲ ಹೊಟ್ಟಿಕಿಚ್ಚಿಗೆ ಮಾಡಿದ ಅನ್ನೂ ಹೆಸರು ಬ್ಯಾರೆ. ಅಂವ ವಿಚಾರ ಮಾಡಿದನೋ ಇಲ್ಲೋ ದೇವರಿಗೆ ಗೊತ್ತು. ಸಿದರಾಯ ಒಂದು ಕಾಲು ಊರಿ ಏಳಾಕ ಹತ್ತಿದ. ಲಗಮಪ್ಪ ಎರಡೂ ತೋಳಿಲೆ ಅವನ್ನ ತಬ್ಬಿ, ತಲಿ ಎದಿಗೆ ಹಿಡಕೊಂಡು, ಉಸುಕಿಗೆ ಕೆಡವಿ ಮಲಗಿಸಿದ. ಹುಡುಗ ಕೊಸರಾಡಿದ. ಇಂವ ಬಿಡಲಿಲ್ಲ.

"ಏಳಬ್ಯಾಡೋ ತಮ್ಮಾ," ಅಂದ. "ನಾ ಎದ್ದದ್ದ ಸಾಕು."

ಮೂರನೇ ಪೆಟ್ಟು ಬಿತ್ತು.

ಹೊನ್ನಕಟ್ಟಿಯವರು ಕೇಕಿ ಹಾಕಲಿಲ್ಲಂತ, ಅವರಿಗೂ ಇದು ಏನಂತ ತಿಳೀಲಿಲ್ಲ. ಮಳಲಹಾಳದವರು ಮಾತ್ರ ಕಲ್ಲು ಎತ್ತಿದ್ರು. ಕೆಂಚವ್ವ ದಂಡಿ ಇಳಿದು ಬಂದು ಗಂಡನ ಮಗ್ಗಲಕ್ಕ ಕುಂತ್ಲು. ಬಾಳವ್ವನೂ ಬಂದು ಕುಂತ್ಲು, ಮಗನ ತಲಿ ತೊಡಿ ಮ್ಯಾಲ ಇಟಗೊಂಡ್ಲು. ಹೆಣ್ಮಕ್ಕಳ ಮ್ಯಾಲ ಕಲ್ಲು ಒಗಿಯೂದು ಹೆಂಗ? ಕೈಯಾನ ಕಲ್ಲು ಕೈಯಾಗ ಉಳದುವು.

ಸಿದರಾಯ ಅವತ್ತು ಸಂಜಿತನಕ ವಾಂತಿ ಮಾಡಿಕೊಂಡ. ಮೂರು ದಿನ ಕತ್ತಲಿ ಕೋಣ್ಯಾಗ ಮಲಗಿದ. ನಾಕನೇ ದಿನ ಎದ್ದು ಅವ್ವನ್ನ ಗುರುತು ಹಿಡದ. ಬದುಕಿದ. ಆದ್ರ ಊರು ಅದನ್ನ ಲೆಕ್ಕಕ್ಕ ಹಿಡೀಲಿಲ್ಲ. ಏಳಾಂವ ಇದ್ದ, ಇಂವ ಕೆಡವಿದ ಅಂದಿತು. ಊರು ಕೆಡವಿದಾಂವ ಅಂತ ಲಗಮಪ್ಪಗ ಹೊಸಾ ಹೆಸರಿಟ್ಟಿತು. ದೇಸಾಯಿ ಆಳು ಕಳಿಸಿ ಬೆಳ್ಳಿ ಕಡಗ ತಿರುಗಿ ಇಸಗೊಂಡ. ಸಿದರಾಯ ಸೈತ ನಾಕು ತಿಂಗಳು ಮಾತಾಡಲಿಲ್ಲ, ಅವನ ಅಂಗಳದಾಗಿನ ಎಮ್ಮೀನೂ ವಾಡೇಕ್ಕ ತಿರುಗಿ ಹೋಗಿತ್ತಲ್ಲ! ಬಾವ್ಯಾಗ ನೀರು ಸೇದಾಕ ಹೋದ್ರ ಕೆಂಚವ್ವ ಬಂದ್ಲಂತ ಹೆಂಗಸರು ಕೊಡ ಎತ್ತಿಕೊಂಡು ಸರೀತಿದ್ರು. ಆ ಬ್ಯಾಸಗಿ ಗಂಡ ಹೆಂಡತಿ ಹೊಳಿ ದಾಟಿ, ಹೊನ್ನಕಟ್ಟಿಯವರ ಗುಣ್ಯಾಗ ಕೂಲಿ ಮಾಡಿ ಉಂಡ್ರು. ನಿನ್ನೆ ತಂದಾಗಿದ್ದ ಉಸುಕು, ಇವತ್ತು ಮಂದೀದು. ಲಗಮಪ್ಪ ಅವರ ಹಣ್ಣಿಗೂ ಕಿವಿ ಹಚ್ಚಿ, ಇದು ಇವತ್ತಿಂದು, ಇದು ನಾಳಿಂದು ಅಂತ ಹೇಳಿದ. ಮಾಡಿದ್ದು ತಪ್ಪಂತ ಒಂದು ದಿನಾನೂ ಅನ್ನಲಿಲ್ಲ. ಆದ್ರ ದುಃಖ ಆಗಲಿಲ್ಲ ಅಂತ ತಿಳೀಬ್ಯಾಡ್ರಿ. ಬಾಳ ದುಃಖ ಆತು.

ಮರುವರ್ಷದ ಆಟದಾಗ ಹೊನ್ನಕಟ್ಟಿಯ ಒಬ್ಬ ಹುಡುಗ ಬಿದ್ದ. ಮದಿವಿ ಆಗಿ ಮೂರು ತಿಂಗಳಾಗಿತ್ತು. ತಲಿಗೆ ಅಂಥಾದ ಪೆಟ್ಟು. ಮೂರನೇ ಪೆಟ್ಟಿಗೆ ಎದ್ದ, ಊರು ಕುಣೀತು, ಮತ್ತ ಓಡಿದ, ಮತ್ತ ಬಿದ್ದ, ಮತ್ತ ಎದ್ದ. ಅವನ ಊರು ಗೆದ್ದಿತು. ಸಂಜಿಕ ಮನಿಗೆ ಹೋಗಿ, ತಲಿ ನೋಯಾಕ ಹತ್ತೇತಿ ಅಂತ ಮಲಗಿದ. ಏಳಲಿಲ್ಲ.

ಅವನ ಅವ್ವ ಎದಿ ಬಡಕೊಂಡು ಅಳಲಿಲ್ಲ ಅಂತ ಹೇಳತಾರ. ಎರಡೂ ಊರಿನ ಹಿರ್ಯಾರು ಬಂದು ಕುಂತಾಗ ಆಕಿ ಒಂದ ಮಾತು ಕೇಳಿದ್ಲು. ನಮ್ಮ ದಂಡಿಗೆ ಒಬ್ಬ ಲಗಮಪ್ಪ ಇರಲಿಲ್ಲೇನು ಅಂತ.

ಹ್ಞಾ, ಆವಾಗ ತಿಳೀತು. ಕೊಳ್ಳಿ ಬಿದ್ದ ಮ್ಯಾಲ ಬಾವಿ ತೋಡೂದು ನಮ್ಮ ಮಂದಿ ಹಳೇ ಚಟ. ಹಿರ್ಯಾರೆಲ್ಲ ಕೂಡಿ ಲಗಮಪ್ಪನ ಗುಡಿಸಲಕ್ಕ ಬಂದ್ರು. ಸಿದರಾಯ ಎಲ್ಲಾರಿಗಿಂತ ಮುಂದ ಬಂದು ಅವನ ಪಾದದ ಮ್ಯಾಲ ಹಣಿ ಇಟ್ಟ. ಇನ್ನ ಮ್ಯಾಲ ಬಿದ್ದವನಿಗೆ ಏನು ಮಾಡಬೇಕು ಹೇಳಪಾ ಅಂತ ಹಿರ್ಯಾರು ಕೇಳಿದ್ರು. ಲಗಮಪ್ಪಗ ಅಷ್ಟೊತ್ತಿಗೆ ಮಾತು ಜೋಡಸೂದು ಕಷ್ಟ ಆಗಿತ್ತು, ಹೆಂಡತಿ ಮೋತಿ ನೋಡಿದ. ಕೆಂಚವ್ವ ಬಾಗಲ ಮರೀಗೆ ನಿಂತು ಹೇಳಿದ್ಲು. ಒಬ್ಬಾಂವ ಬಿದ್ರ ಹಲಗಿ ಬಾರಸಬ್ಯಾಡ್ರಿ, ಬೋರಲ ಹಾಕ್ರಿ. ಎರಡೂ ಕಡೆಯವರು ಇದ್ದಲ್ಲೇ ಕುಂದರ್ರಿ. ಅವನ ಹೆಸರು ಕೇಳ್ರಿ, ಊರು ಕೇಳ್ರಿ, ಮುಂಜಾನಿ ಉಂಡದ್ದು ಕೇಳ್ರಿ. ಮೂರೂ ಸರಿ ಹೇಳೂತನಕ ಯಾರೂ ಏಳಬ್ಯಾಡ್ರಿ. ಹೇಳಾಕ ಬರದಿದ್ರ ಅವತ್ತಿನ ಆಟ ಮುಗೀತು, ಯಾರೂ ಸೋತಂಗಲ್ಲ, ದಿಬ್ಬ ಅರ್ಧ ಅರ್ಧ. ಹೊತ್ತು ಎಷ್ಟು ಹೋದ್ರೂ ಹೋಗಲಿ, ಹೊಳಿ ಎಲ್ಲೂ ಓಡಿಹೋಗೂದಿಲ್ಲ ಅಂದ್ಲು. ಹಿರ್ಯಾರು ಒಪ್ಪಿದ್ರು.

ಅಲ್ಲಿಂದ ಮುಂದ ಲಗಮಪ್ಪ ಬಾಳ ವರ್ಷ ಬದುಕಿದ. ತಲಿ ಮಾತ್ರ ಸಂಜಿ ಬಿಸಲಿನಂಗ ಸರಕೋತ ಹೋತು. ಮೊದಲ ಮಂದಿ ಹೆಸರು ಮರತ, ಆಮ್ಯಾಲ ಓಣಿ ಮರತ, ಆಮ್ಯಾಲ ತಾನು ಆಡಿದ್ದ ಮರತ. ಯಾರಾರ ಅವನ ಮುಂದ ಮೂರು ಪೆಟ್ಟಿನ ಲಗಮಪ್ಪನ ಹಾಡು ಹಾಡಿದ್ರ, ಚೊಲೋ ಐತಿ, ಯಾರಂವ ಅಂತ ಕೇಳತಿದ್ದನಂತ. ಕೆಂಚವ್ವ ಕೈ ಹಿಡದು ಉಸುಕಿಗೆ ಕರಕೊಂಡು ಹೋಗತಿದ್ಲು, ಸಿದರಾಯ ಗುಣಿ ತೋಡಿ ಕೊಡತಿದ್ದ. ಹಣ್ಣಿಗೆ ಕಿವಿ ಹಚ್ಚಿದ್ರ ಆಗಲೂ ತಪ್ಪತಿರಲಿಲ್ಲ.

ಒಂದು ದಿನ ಮುಂಜಾನಿ ಗುಣಿ ಮುಂದ ಕುಂತಾಂವ ಹಂಗ ಮಗ್ಗಲಾಗಿ ಬಿದ್ದ. ಸುದ್ದಿ ತಿಳಿದು ಎರಡೂ ಊರು ಹೊಳಿಗೆ ಇಳಿದುವು. ಉಸಿರು ಇತ್ತು, ಕಣ್ಣು ಅರ್ಧ ತೆರದಿದ್ದುವು. ಮುದುಕ ದುರಗಪ್ಪ ಬಂದು ಹಲಗಿ ಬೋರಲ ಹಾಕಿ ಕುಂತ. ಅವನ್ನ ನೋಡಿ ಎಲ್ಲಾರೂ ಉಸುಕಿನ ಮ್ಯಾಲ ಕುಂತ್ರು, ಹಣ್ಣಿನ ಬಳ್ಳಿ ತುಳಿಯದಂಗ ಜ್ವಾಕಿಲೆ. ಸಿದರಾಯ ಬಗ್ಗಿ, ಕಾಕಾ ನಿನ ಹೆಸರೇನು ಅಂತ ಕೇಳಿದ. ಉತ್ತರ ಇಲ್ಲ. ಊರು ಯಾವುದು ಅಂದ. ಇಲ್ಲ. ಮುಂಜಾನಿ ಏನ್ ಉಂಡಿ ಅಂದ. ಇಲ್ಲ. ಕಟ್ಟಳಿ ಕಟ್ಟಳಿನ, ಮುಗಿಸಿ ಏಳಾಕ ಇದು ಆಟಾನೂ ಅಲ್ಲ, ಯಾರೂ ಏಳಲಿಲ್ಲ. ಮಧ್ಯಾಹ್ನ ಆತು. ಉಸಿರು ಯಾವಾಗ ನಿಂತಿತೋ ಯಾರಿಗೂ ತಿಳೀಲಿಲ್ಲ. ಹೊತ್ತು ವಾಲಿತು, ಉಸುಕು ತಣ್ಣಗಾತು. ಹೇಳಾಕ ಬರದಾಂವ ಹೇಳೂತನಕ ಕುಂದರೂದು ಹೆಂಗ? ಹೇಳದ ಏಳೂದು ಹೆಂಗ?

ಆ ಕಾಲದಾಗ ಹೆಂಡತಿ ಗಂಡನ ಹೆಸರು ಬಾಯಿಲೆ ಅನ್ನತಿರಲಿಲ್ಲ. ಅಂದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತ ನಂಬಿಗಿ. ಕೆಂಚವ್ವ ನಲವತ್ತು ವರ್ಷದ ಬಾಳೇದಾಗ ಒಮ್ಮಿನೂ ಅಂದಿರಲಿಲ್ಲ. ಅವತ್ತು ಆಕಿ ಸೆರಗು ಸರಿ ಮಾಡಿಕೊಂಡು, ಗಂಡನ ಹಣಿ ಮ್ಯಾಲಿನ ಉಸುಕು ಒರಸಿ, ಎರಡೂ ಊರಿಗೆ ಕೇಳೂವಂಗ ಅಂದ್ಲು.

"ನಮ್ಮನಿಯವರ ಹೆಸರು ಲಗಮಪ್ಪ. ಊರು ಮಳಲಹಾಳ. ಮುಂಜಾನಿ ಒಂದು ಬಟ್ಟಲಾ ನುಚ್ಚು ಮಜ್ಜಿಗಿ ಉಂಡಾರ. ಇನ್ನ ಅವರನ್ನ ಯಾರೂ ಎಬ್ಬಸಬ್ಯಾಡ್ರಿ."

ಆಗ ಮಂದಿ ಎದ್ರು.

ಹೊಳಿ ಈಗ ಮೊದಲಿನಂಗಿಲ್ಲ, ದಿಬ್ಬ ಸಣ್ಣದಾಗೇತಿ. ಎಳ್ಳ ಅಮಾಸಿ ಮರುದಿನದ ಆಟ ಮಾತ್ರ ಬಿಟ್ಟಿಲ್ಲ. ಯಾರಾರ ಬಿದ್ರ ಹಲಗಿ ಬೋರಲ ಆಗತೈತಿ, ಇಪ್ಪತ್ತೊಂದು ಮಂದಿ ಇದ್ದಲ್ಲೇ ಕುಂದರತಾರ. ಬಿದ್ದವಗ ಹೇಳಾಕ ಬರದಿದ್ರ ಅವನ ಮನಿ ಹೆಣ್ಮಗಳು ಇಳಿದು ಬಂದು ಅವನ ಪರವಾಗಿ ಹೆಸರು, ಊರು, ಊಟ ಹೇಳಿ, ಮನಿಗೆ ಕರಕೊಂಡು ಹೋಗತಾಳ. ಅಲ್ಲಿಗೆ ಆಟ ಮುಗೀತು, ಯಾರೂ ಚಕಾರ ಎತ್ತಂಗಿಲ್ಲ. ಅದಕ್ಕ ಆವತ್ತು ಮುಂಜಾನಿ ಆ ಎರಡು ಊರಾಗ ಆಡೂ ಗಂಡಸು ಉಣ್ಣೂವಾಗ ಹೆಂಗಸರು ಎದ್ದು ಹೋಗೂದಿಲ್ಲ, ಎದುರಿಗೇ ಕುಂತು ಗಂಗಾಳ ನೋಡತಾರ. ಹೊಸದಾಗಿ ಬಂದ ಸೊಸಿ ಇದ್ರ, ಅಂವ ಉಂಡು ಹೊರಗ ಹೋದ ಮ್ಯಾಲ ಒಲಿ ಮುಂದ ಕುಂತು ಗಂಡನ ಹೆಸರು ಮೆಲ್ಲಕ ಎರಡು ಸಲ ಅಂದು ನೋಡತಾಳ. ಅತ್ತಿ ಕೇಳಿಸಿಕೊಂಡ್ರೂ ಏನೂ ಅನ್ನೂದಿಲ್ಲ.